ಜೋಡಿಯಣ್ಣನ ವೀಸಾ

ಜೂನ್ 3, ಸೋಮವಾರ

ನಮ್ಮ ಕಂಪನಿ ಮನುಷ್ಯರನ್ನು ಬಿಡಿಭಾಗಗಳ ಜೊತೆ ಸಾಗಿಸಲು ಹೊರಟಿದೆ. ಇದು ಅನ್ಯಾಯ. ಇದಕ್ಕೆ ಬೇರೆ ಹೆಸರಿಲ್ಲ.

ಬೆಳಿಗ್ಗೆ ವರ್ಕ್‌ಶಾಪಿನಲ್ಲಿ ಎಲ್ಲರನ್ನೂ ನಿಲ್ಲಿಸಿಕೊಂಡು ಮ್ಯಾನೇಜರ್ ಹೇಳಿದ: ವರ್ಷದ ಕೊನೆಗೆ ಈ ಶಾಖೆಗೆ ಬೀಗ. ಸಮುದ್ರದಾಚೆಯ ಶಾಖೆಯವರ ಕೈಯಲ್ಲಿ ನಮ್ಮ ಕಂಪನಿಯ ಹಳೆಯ ಲಿಫ್ಟುಗಳು ರಾಶಿ ಬಿದ್ದಿವೆ, ಅವನ್ನು ಬಿಚ್ಚಿ ಕಟ್ಟಬಲ್ಲವರು ಅಲ್ಲಿಲ್ಲ. ಮೆಕ್ಯಾನಿಕ್‌ಗಳು ಅರ್ಜಿ ಹಾಕಬಹುದು. ವೀಸಾ ಸಿಕ್ಕವರು ಅಲ್ಲಿಗೆ, ಸಿಗದವರು ಸೆಪ್ಟೆಂಬರ್ ಕೊನೆಗೇ ಮನೆಗೆ. ಹೆಂಡತಿ ಮಕ್ಕಳನ್ನು ಕರೆದೊಯ್ಯಬಹುದು. ಆದರೆ ಆ ಎರಡು ವರ್ಷದ ವೀಸಾ ಕಂಪನಿಯ ಹೆಸರಿಗೆ ಅಂಟಿಕೊಂಡಿರುತ್ತದೆ. ಕೆಲಸ ಬಿಟ್ಟ ದಿನ ಆ ದೇಶವನ್ನೂ ಬಿಡಬೇಕು.

ನಾನು ಕೈಯೆತ್ತಿದೆ. "ಅಲ್ಲಿ ಸಂಬಳ ಸರಿಯಾಗಿ ಕೊಡಲ್ಲ, ಮೇಲಿನವನು ದಿನಾ ಬೈತಾನೆ ಅಂತಿಟ್ಕೊಳ್ಳಿ. ಆಗೇನ್ ಮಾಡ್ಬೇಕು?"

"ಅಂಥದ್ದೆಲ್ಲ ಆಗಲ್ಲಮ್ಮ."

"ಆದ್ರೆ?"

"ಆಗಲ್ಲ ಅಂದ್ನಲ್ಲ."

ಹಿಂದಿನ ಸಾಲಿನಿಂದ ಗೊಣಗಪ್ಪ, "ಶುರುವಾಯ್ತು ನೋಡಿ ನಮ್ಮ ಕರಪತ್ರ" ಅಂದ. ಎಲ್ಲರೂ ನಕ್ಕರು. ನನಗೆ ಆ ಹೆಸರಿಟ್ಟವನೇ ಅವನು. ಇಟ್ಟುಕೊಳ್ಳಲಿ. ನಾನು ಓದಿದ್ದು ಹತ್ತನೇ ತರಗತಿ, ಅದರ ಮೇಲೊಂದು ಲಿಫ್ಟ್ ದುರಸ್ತಿಯ ಕೋರ್ಸು. ಉಳಿದ ವಿದ್ಯೆಯೆಲ್ಲ ಕಾರ್ಮಿಕ ಸಂಘದ ಮೆಟ್ಟಿಲ ಮೇಲೆ ಗಾಳಿಗೆ ಹಾರದಂತೆ ಕಲ್ಲು ಹೇರಿಟ್ಟಿರುವ ಕರಪತ್ರಗಳಿಂದ ಬಂದದ್ದು. ದೊಡ್ಡ ಪುಸ್ತಕ ಓದಿದವರು ಲೋಕವನ್ನು ಹೇಗಿಟ್ಟಿದ್ದಾರೆ ಎಂದು ಕಾಣುತ್ತಲೇ ಇದೆ.

ಒಬ್ಬರೂ ಅರ್ಜಿ ಹಾಕಬಾರದು. ನಾವ್ಯಾರೂ ಹೋಗದಿದ್ದರೆ ಆ ಲಿಫ್ಟುಗಳು ನಿಂತಲ್ಲೇ ನಿಲ್ಲುತ್ತವೆ. ಆಗ ಷರತ್ತು ಹಾಕುವವರು ನಾವು. ಇಷ್ಟು ಸರಳ.

ಜೂನ್ 7, ಶುಕ್ರವಾರ

ಇವತ್ತು ಒಂದು ಹಳೆಯ ಕಚೇರಿ ಕಟ್ಟಡದ ಲಿಫ್ಟು. ನಾನು ಕ್ಯಾಬಿನ್ನಿನ ನೆತ್ತಿಯ ಮೇಲೆ ನಿಂತು ಉಕ್ಕಿನ ಹಗ್ಗಗಳಿಗೆ ಗ್ರೀಸ್ ಹಚ್ಚುತ್ತಿದ್ದೆ. ಜೋಡಿಯಣ್ಣ ಎಲ್ಲಕ್ಕಿಂತ ಮೇಲೆ, ಮೋಟಾರ್ ಕೋಣೆಯಲ್ಲಿ. ನಮ್ಮ ಕೆಲಸ ಯಾವತ್ತೂ ಇಬ್ಬರದು. ಸೇರಿದ ದಿನದಿಂದ ನನ್ನ ಜೋಡಿ ಅವನೇ, ಅದಕ್ಕೇ ಜೋಡಿಯಣ್ಣ. ಇಂಥ ಹಳೆಯ ಲಿಫ್ಟನ್ನು ಮೋಟಾರ್ ಕೋಣೆಯಿಂದಲೇ ನಡೆಸಬೇಕು. ನಾನು ಎಲ್ಲಿ ಬಾಗಿದ್ದೇನೆ, ಕೈ ಎಲ್ಲಿಟ್ಟಿದ್ದೇನೆ, ಅವನಿಗೆ ಕಾಣುವುದಿಲ್ಲ. ನಡುವೆ ಇರುವುದು ವಾಕಿಟಾಕಿ ಮಾತ್ರ. ಆದ್ದರಿಂದ ಅವನು ನನಗೆ ಕಲಿಸಿದ ಮೊದಲ ಪಾಠ ಸ್ಪ್ಯಾನರ್ ಹಿಡಿಯುವುದಲ್ಲ. ಆ ಡಬ್ಬಿಯಿಂದ ಬಂದ ಮಾತನ್ನು ಪೂರ್ತಿ ತಿರುಗಿ ಹೇಳಬೇಕು, ಆ ಕಡೆಯಿಂದ ‘ಸರಿ’ ಎಂದು ಬರುವವರೆಗೆ ಏನನ್ನೂ ಮುಟ್ಟಬಾರದು. ಅವನಿಗೆ ಇದು ಉಸಿರಾಟದಂತಾಗಿದೆ. ಅಂಗಡಿಯವನು ಚಿಲ್ಲರೆ ಇಲ್ಲ ಅಂದರೂ "ಚಿಲ್ಲರೆ ಇಲ್ಲ" ಎಂದು ತಿರುಗಿ ಹೇಳಿ ಕಾಯುತ್ತ ನಿಲ್ಲುತ್ತಾನೆ.

ಒಳ್ಳೆಯ ಸಮಯ ಎಂದು ನಾನು ಅಲ್ಲಿಂದಲೇ ಶುರುಮಾಡಿದೆ. "ಅಣ್ಣ, ದುಡ್ಡಿಗೆ ಗಡಿ ಇಲ್ಲ. ದುಡಿಯೋನಿಗೆ ಮಾತ್ರ ಗಡಿ."

"ದುಡ್ಡಿಗೆ ಗಡಿ ಇಲ್ಲ. ದುಡಿಯೋನಿಗೆ ಮಾತ್ರ ಗಡಿ."

"ಸರಿ. ಕಂಪನಿಗೆ ಕಟ್ಟಿದ ವೀಸಾ ಅಂದ್ರೆ ಕೊರಳಿಗೆ ಹಗ್ಗ."

"ಕೊರಳಿಗೆ ಹಗ್ಗ. ಈ ಹಗ್ಗಕ್ಕೆ ಗ್ರೀಸ್ ಹಚ್ಚಿದ್ದಾಯ್ತಾ? ಎರಡಡಿ ಕೆಳಗೆ ಬಿಡ್ಲಾ?"

"ಎರಡಡಿ ಕೆಳಗೆ."

"ಎರಡಡಿ ಕೆಳಗೆ."

"ಸರಿ."

ಕಿವುಡನ ಮುಂದೆ ಕಿನ್ನರಿ ನುಡಿಸಿದ ಹಾಗಾಯಿತು. ಊಟಕ್ಕೆ ಕೂತಾಗ ಅವನೇ ಹೇಳಿದ: "ನೀನು ಹೇಳಿದ್ದೆಲ್ಲ ನಿಜ ಮರಿ. ಆದ್ರೂ ನಾನು ಅರ್ಜಿ ಹಾಕ್ತೀನಿ."

ಇವನನ್ನು ತಿದ್ದುವುದು ನನ್ನ ಹೊಣೆ. ಕಳೆದ ವಾರ ಗೊಣಗಪ್ಪನ ಬೆರಳು ಕುಯ್ದಾಗ, ಅಪಘಾತವೆಂದು ಬರೆಯುವವರೆಗೆ ಮ್ಯಾನೇಜರ್ ಮೇಜಿನ ಮುಂದಿನಿಂದ ಏಳದವಳು ನಾನು. ಮುಚ್ಚಿಟ್ಟ ಗಾಯ ಮುಂದಿನವನ ಸಾವು ಎಂದು ಕೂಗಿದ್ದೆ. ಅಷ್ಟು ಗೆದ್ದವಳಿಗೆ ಇಷ್ಟು ಆಗದೇ?

ಜೂನ್ 16, ಭಾನುವಾರ

ಜೋಡಿಯಣ್ಣನ ಮನೆಗೆ ಹೋಗಿದ್ದೆ. ಒಂದು ಕೋಣೆ, ಒಂದು ಅಡುಗೆಮನೆ, ಬಾಗಿಲ ಹಿಂದೆ ಅವನ ಹೆಲ್ಮೆಟ್ಟು ಮತ್ತು ಮಗಳ ಶಾಲೆಯ ಚೀಲ ಒಂದೇ ಮೊಳೆಗೆ. ಮಗಳಿಗೆ ಎಂಟು ವರ್ಷ. ಅತ್ತಿಗೆ, ಕಂಪನಿ ನಮ್ಮನ್ನು ಕಳಿಸಲು ಹೊರಟಿರುವ ಅದೇ ದೇಶಕ್ಕೆ ಹೋಗಿ ನಾಲ್ಕು ವರ್ಷವಾಯಿತು. ಅಲ್ಲೊಂದು ಆಸ್ಪತ್ರೆಯಲ್ಲಿ ಹಾಸಿಗೆ ಹಿಡಿದ ಮುದುಕರನ್ನು ನೋಡಿಕೊಳ್ಳುತ್ತಾರೆ. ಅವರ ಪರ್ಮಿಟ್ಟಿನಲ್ಲಿ ಗಂಡ, ಮಗು ಬರುವಂತಿಲ್ಲ. ರಜೆಗೆ ಬಂದರೆ ಮತ್ತೆ ಒಳಗೆ ಬಿಡುತ್ತಾರೆಂಬ ಖಾತ್ರಿಯೂ ಇಲ್ಲ.

ನಾನಿದ್ದಾಗಲೇ ಫೋನಿನಲ್ಲಿ ಅವರ ಮುಖ ಬಂತು. ಮಗಳು ಫೋನನ್ನು ಗೋಡೆಗೆ ಒರಗಿಸಿ ತಾನು ಚಿತ್ರಕ್ಕೆ ಬಣ್ಣ ಹಚ್ಚುತ್ತ ಕೂತಳು.

"ಅಮ್ಮನ್ನ ನೋಡೇ," ಅಂದ ಅಣ್ಣ.

"ನೋಡ್ದೆ."

"ಏನಾದ್ರೂ ಮಾತಾಡು."

"ಏನ್ ಮಾತಾಡ್ಲಿ? ಅವರಿಗೆ ನಮ್ಮ ಟೀಚರ್ ಯಾರು ಅಂತಾನೇ ಗೊತ್ತಿಲ್ಲ."

ಅವರು ಅಂದಳು. ಅಮ್ಮನಿಗೆ ಬಹುವಚನ. ಅತ್ತಿಗೆ ಅತ್ತ ನಗುತ್ತಲೇ ಇದ್ದರು, "ಹೇಳಮ್ಮ, ಯಾರು ನಿಮ್ಮ ಟೀಚರು?" ಎಂದು ಕೇಳುತ್ತಿದ್ದರು. ಫೋನ್ ಇಟ್ಟ ಮೇಲೆ ಅಣ್ಣ ನನ್ನ ಕಡೆ ತಿರುಗಿದ.

"ಇದು ಬಿಟ್ರೆ ಇನ್ನೊಂದು ದಾರಿ ಇದ್ರೆ ನಿನ್ನ ಕರಪತ್ರದಲ್ಲಿ ಹುಡುಕಿ ಹೇಳು. ನಾಳೆನೇ ಅರ್ಜಿ ಹಿಂದಕ್ಕೆ ತಗೋತೀನಿ."

ಮನೆಗೆ ಬಂದು ಹುಡುಕಿದೆ. ದಾರಿಯ ಬಗ್ಗೆ ಬಹಳ ಇದೆ. ಇವರ ಮನೆಯ ಬಗ್ಗೆ ಇಲ್ಲ.

ಜೂನ್ 21, ಶುಕ್ರವಾರ

ಕ್ಯಾಂಟೀನಿನಲ್ಲಿ ಸಭೆ ಕರೆದೆ. ಬಂದವರು ಮೂವರು. ಒಬ್ಬ ಟೀ ಕುಡಿಯಲು ಬಂದವನು. ಗೊಣಗಪ್ಪ ಬಾಗಿಲಲ್ಲೇ ನಿಂತು, "ಗಾಳಿಗೆ ಗುದ್ದಿ ಮೈ ನೋಯಿಸ್ಕೋಬೇಡ ತಾಯಿ, ನಾವೆಲ್ಲ ಸಹಿ ಹಾಕಿ ಆಯ್ತು" ಎಂದು ಹೋದ.

ನಾನು ಹಾಕಿಲ್ಲ. ಹಾಕುವುದಿಲ್ಲ.

ಜುಲೈ 9, ಮಂಗಳವಾರ

ಅರ್ಜಿ ಹಾಕಿದೆ. ಹೋಗುವುದಕ್ಕಲ್ಲ. ಅರ್ಜಿ ಹಾಕಿದವರಿಗೆ ಮಾತ್ರ, ಸಂದರ್ಶನಕ್ಕೆ ತಯಾರು ಮಾಡುವ ವೀಸಾ ವಕೀಲನ ತಾಲೀಮು ಕೋಣೆಗೆ ಪ್ರವೇಶ. ಒಳಗೆ ಏನು ನಡೆಯುತ್ತದೆಂದು ಕಣ್ಣಾರೆ ನೋಡದೆ ಹೊರಗೆ ನಿಂತು ಕೂಗಿದರೆ ಏನು ಬಂತು? ಅಮ್ಮನಿಗೂ ಇದನ್ನೇ ಹೇಳಿದೆ. ಅಮ್ಮ ಬಟ್ಟೆ ಮಡಚುತ್ತ, "ನೋಡ್ಕೊಂಡು ಬಾ. ಎರಡು ವರ್ಷ ನೋಡ್ಕೊಂಡು ಬಾ" ಅಂದಳು.

ವಕೀಲನ ಮಾತು ನೇರ. ಈ ಬಗೆಯ ವೀಸಾ ಸುಮ್ಮನೆ ಮೆಕ್ಯಾನಿಕ್‌ಗೆ ಸಿಗುವುದಿಲ್ಲ. ಕಂಪನಿಯ ಯಂತ್ರದ ವಿಶೇಷ ಜ್ಞಾನ ಇರಬೇಕು, ಇಲ್ಲವೇ ನಾಲ್ಕು ಜನರ ಮೇಲಿನ ಅಧಿಕಾರಿಯಾಗಿರಬೇಕು. "ಎರಡನ್ನೂ ಹೇಳ್ಬಿಡಿ. ಧೈರ್ಯವಾಗಿ ಹೇಳಿ. ತಡವರಿಸಿದ್ರೆ ಮುಗೀತು."

"ಇದು ಸುಳ್ಳು ಸರ್," ಅಂದೆ.

"ಸುಳ್ಳಲ್ಲಮ್ಮ, ನಿಮ್ಮನ್ನ ನೀವು ಸ್ವಲ್ಪ ಎತ್ತರಿಸ್ಕೊಳ್ಳೋದು. ಲಿಫ್ಟ್‌ನೋರಿಗೆ ನಾನು ಹೇಳ್ಬೇಕಾ?"

ಗೊಣಗಪ್ಪ ಒಂದೇ ಏಟಿಗೆ ಹನ್ನೆರಡು ಜನರ ಅಧಿಕಾರಿಯಾದ. ಜೋಡಿಯಣ್ಣನ ಸರದಿ ಬಂದಾಗ ಬೆವರಿಟ್ಟ. ನಾನು ಹೊರಗೆ ಕರೆದು ಹೇಳಿದೆ: ನಿನಗೆ ಸುಳ್ಳು ಬೇಕಿಲ್ಲ ಅಣ್ಣ. ಈ ಲಿಫ್ಟುಗಳನ್ನು ನಿನ್ನಷ್ಟು ಬಲ್ಲವರಿಲ್ಲ. ಕೇಳಿದ್ದಕ್ಕೆ ಇದ್ದದ್ದು ಹೇಳು.

ಆಗಸ್ಟ್ 1, ಗುರುವಾರ

ಜೋಡಿಯಣ್ಣನಿಗೆ ವೀಸಾ ನಿರಾಕರಣೆ.

ಗೊಣಗಪ್ಪ ಅವನ ಹಿಂದೆಯೇ ಸಾಲಿನಲ್ಲಿದ್ದ. ಅವನು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. ಸಂದರ್ಶನಕ್ಕೆ ಕೋಣೆಯಿಲ್ಲ, ಕಿಟಕಿ. ದಪ್ಪ ಗಾಜು. ಆಚೆ ಅಧಿಕಾರಿ, ಪಕ್ಕದಲ್ಲಿ ದುಭಾಷಿ. ಮಾತು ಬರುವುದು ಗಾಜಿನ ಕೆಳಗಿನ ಒಂದು ಕರಿಯ ಡಬ್ಬಿಯಿಂದ.

"ಡಬ್ಬಿ ಕೇಳ್ತು, ಎಷ್ಟು ವರ್ಷದಿಂದ ಕೆಲಸ ಮಾಡ್ತಿದ್ದೀರಿ ಅಂತ. ನಮ್ಮಣ್ಣ, ಎಷ್ಟು ವರ್ಷದಿಂದ ಕೆಲಸ ಮಾಡ್ತಿದ್ದೀರಿ ಅಂದ. ಅಂದು ನಿಂತ. ಅವರೂ ಇವನ ಮುಖ ನೋಡ್ತಾ ನಿಂತ್ರು. ಅವರು ಸರಿ ಅನ್ಲಿ ಅಂತ ಇವನು ಕಾಯ್ತಿದ್ದಾನೆ, ಇವನು ಉತ್ತರ ಹೇಳ್ಲಿ ಅಂತ ಅವರು ಕಾಯ್ತಿದ್ದಾರೆ. ನಾನು ನಗು ತಡೆಯೋಕೆ ತುಟಿ ಕಚ್ಕೊಂಡಿದ್ದೆ."

ಪ್ರತಿ ಪ್ರಶ್ನೆಗೂ ಹಾಗೇ. ಕೊನೆಗೆ ಕಿವಿ ತೋರಿಸಿ ಎಂದರಂತೆ. ಯಾರೋ ಕಿವಿಯೊಳಗೆ ಉತ್ತರ ಹೇಳಿಕೊಡುತ್ತಿದ್ದಾರೆ, ಅದಕ್ಕೇ ಕಾಯುತ್ತಿದ್ದಾನೆ ಎಂಬ ಅನುಮಾನ. ಅಣ್ಣ ಕೂದಲು ಸರಿಸಿ ಎರಡೂ ಕಿವಿ ತೋರಿಸಿದ. ನಿಮಗೆ ಉತ್ತರ ಹೇಳಿಕೊಡುತ್ತಿರುವವರು ಯಾರು ಎಂದು ಡಬ್ಬಿ ಕೇಳಿತು. "ನಿಮಗೆ ಉತ್ತರ ಹೇಳಿಕೊಡುತ್ತಿರುವವರು ಯಾರು," ಅಂದ ಅಣ್ಣ.

"ಆಮೇಲೆ ನಂಗೆ ನಗು ಬರ್ಲಿಲ್ಲ," ಅಂದ ಗೊಣಗಪ್ಪ. ಅವನಿಗೆ ವೀಸಾ ಸಿಕ್ಕಿದೆ.

ಅಣ್ಣ ವರ್ಕ್‌ಶಾಪಿನ ಬೆಂಚಿನ ಮೇಲೆ ಕೂತಿದ್ದ. "ಡಬ್ಬಿಯಿಂದ ಬಂತಲ್ಲ ಮರಿ," ಅಂದ. ಅಷ್ಟೇ.

ಇನ್ನೊಂದು ಅವಕಾಶವಿದೆ ಎಂದು ವಕೀಲ ಹೇಳುತ್ತಾನೆ. ಎರಡನೆಯ ಸಲವೂ ಇಲ್ಲವೆಂದರೆ ಐದು ವರ್ಷ ಆ ದೇಶಕ್ಕೆ ಅರ್ಜಿಯನ್ನೇ ಹಾಕುವಂತಿಲ್ಲ.

ಆಗಸ್ಟ್ 14, ಬುಧವಾರ

ನನಗೆ ಸಿಕ್ಕಿತು.

ನಿಮ್ಮ ಕೈಕೆಳಗೆ ಎಷ್ಟು ಜನ ಎಂದರು. ಆರು ಅಂದೆ. ಬಾಯಿಗೆ ಬಂದದ್ದು. ವಾದ ಮಾಡುವುದು ನನಗೆ ಹೊಸದಲ್ಲ. ಸುಳ್ಳೆಂದು ಹೇಳಲಾಗದು, ಸ್ವಲ್ಪ ಎತ್ತರಿಸಿ ಹೇಳಿದೆ. ಬೇಲಿ ಹಾಕಿದವನ ಮುಂದೆ ನಿಜ ಹೇಳುವ ಹಂಗೇನು ನನಗೆ?

ಅಮ್ಮ ಪಕ್ಕದ ಮನೆಯವರಿಗೆಲ್ಲ ಹೇಳಿದ್ದಾಳೆ. ಬೇಡ ಎಂದಿದ್ದೆ. ನಾನು ಹೋಗುವುದು ಜೋಡಿಯಣ್ಣನ ಜೊತೆ ಮಾತ್ರ. ಕಂಪನಿ ಕರೆದಲ್ಲಿಗೆ ಹೋಗುವುದು ಬೇರೆ, ಇದು ಬೇರೆ.

ಆಗಸ್ಟ್ 26, ಸೋಮವಾರ

ದಿನವೂ ಕೆಲಸ ಮುಗಿದ ಮೇಲೆ ಅಣ್ಣನಿಗೆ ನನ್ನದೇ ತಾಲೀಮು. ವಕೀಲನಿಗೆ ತಾಳ್ಮೆಯಿಲ್ಲ. ಸ್ಟೋರಿನ ಗಾಜಿನ ಕಿಟಕಿಯಾಚೆ ನಾನು, ಈಚೆ ಅವನು. ಹಳೆಯ ಕ್ಯಾಬಿನ್ನಿನ ಇಂಟರ್‌ಕಾಮ್ ಬಿಚ್ಚಿ ತಂದು ನಡುವೆ ಇಟ್ಟಿದ್ದೇನೆ.

"ನಿಮ್ಮ ಹುದ್ದೆ ಏನು?"

"ನಿಮ್ಮ ಹುದ್ದೆ..." ಎಂದು ಶುರುಮಾಡಿ ಬಾಯಿಗೆ ಕೈ ಅಡ್ಡ ಹಿಡಿಯುತ್ತಾನೆ.

ಮೊದಲ ವಾರವೆಲ್ಲ ಹೀಗೇ. ಪ್ರತಿ ತಪ್ಪಿಗೂ ಸ್ಪ್ಯಾನರಿನಿಂದ ಗಾಜಿಗೆ ಒಂದು ಏಟು ಹೊಡೆಯತೊಡಗಿದೆ. ಬೆಚ್ಚಿಬಿದ್ದು ನಿಲ್ಲಿಸುತ್ತಾನೆ. ಕಠಿಣ ಅನ್ನಿಸಬಹುದು, ಕೆಲಸ ಮಾಡುತ್ತಿದೆ. ಹುದ್ದೆ? ಹಿರಿಯ ತಜ್ಞ. ಕೈಕೆಳಗೆ? ಎಂಟು ಜನ. ಎಂಟು ಎಂದು ನಾನೇ ಹೇಳಿಕೊಟ್ಟೆ. ಇದ್ದದ್ದು ಹೇಳಿ ಒಮ್ಮೆ ಕೆಟ್ಟಾಯಿತು.

ಇವತ್ತು ಹತ್ತು ಪ್ರಶ್ನೆಗೂ ಒಂದನ್ನೂ ತಿರುಗಿ ಹೇಳದೆ ಉತ್ತರಿಸಿದ. ನಾನು ಚಪ್ಪಾಳೆ ತಟ್ಟಿದೆ. ಅವನು ನಗಲಿಲ್ಲ. "ಬಾಯಲ್ಲಿ ಒಂದು ಹಲ್ಲು ಕಿತ್ತ ಹಾಗಿದೆ," ಅಂದ.

ಆಗಸ್ಟ್ 29, ಗುರುವಾರ

ಎಡಗೈಗೆ ಪಟ್ಟಿ. ಕಿರುಬೆರಳು, ಅದರ ಪಕ್ಕದ್ದು, ಎರಡೂ ಮುರಿದಿವೆ.

ಅದೇ ಕಚೇರಿ ಕಟ್ಟಡ. ನಾನು ಕ್ಯಾಬಿನ್ನಿನ ಮೇಲೆ ಬಾಗಿ ಗೋಡೆಯ ಕಂಬಿಯ ಬೋಲ್ಟು ಹಿಡಿದಿದ್ದೆ. "ಒಂದಡಿ ಮೇಲಕ್ಕೆ ಬೇಕು, ನಾನು ಕೈ ತೆಗೆದ ಮೇಲೆ" ಅಂದೆ. ಅವನು ತಿರುಗಿ ಹೇಳಲಿಲ್ಲ. ಕ್ಯಾಬಿನ್ ಎದ್ದಿತು.

ನಾನು ಕಿರುಚಿದ್ದು ಕೇಳಿ ನಿಲ್ಲಿಸಿದ. ಮೆಟ್ಟಿಲಿಳಿದು ಓಡಿ ಬಂದವನ ಮುಖ ಸುಣ್ಣವಾಗಿತ್ತು. ನನ್ನ ಕೈ ನೋಡಿದ, ತನ್ನ ಕೈ ನೋಡಿಕೊಂಡ.

ನೋವಿನಲ್ಲೂ ನನಗೆ ಹೊಳೆದದ್ದು ಇದು: ಅವನು ತಿರುಗಿ ಹೇಳಲಿಲ್ಲ. ಅಂದರೆ ಕಲಿತಿದ್ದಾನೆ.

ಡಾಕ್ಟರಿಗೆ ಬಚ್ಚಲಲ್ಲಿ ಜಾರಿದೆ ಎಂದೆ.

ಸೆಪ್ಟೆಂಬರ್ 3, ಮಂಗಳವಾರ

ಅಣ್ಣ ಹಟ ಹಿಡಿದಿದ್ದಾನೆ. ಅಪಘಾತವೆಂದು ಬರೆಸಬೇಕಂತೆ.

"ಬರೆಸಿದ್ರೆ ನಿನ್ನ ಹೆಸರಿನ ಮೇಲೆ ಕಪ್ಪು ಗುರುತು ಬೀಳುತ್ತೆ. ಕಂಪನಿ ನಿನ್ನ ಅರ್ಜಿ ಹಿಂದಕ್ಕೆ ತಗೊಳ್ಳುತ್ತೆ. ಅತ್ತಿಗೆ? ಮಗು?"

"ಮುಚ್ಚಿಟ್ಟ ಗಾಯ ಮುಂದಿನವನ ಸಾವು ಅಂತ ಕೂಗಾಡಿದ್ದು ಯಾರು?"

"ಆಗ ಬೇರೆ, ಈಗ ಬೇರೆ."

"ಬೆರಳು ಅವೇ ಅಲ್ವಾ ಮರಿ."

ಅವನೊಡನೆ ವಾದಿಸಿ ಪ್ರಯೋಜನವಿಲ್ಲ. ಪರಿಸ್ಥಿತಿಯನ್ನು ಒಟ್ಟಾಗಿ ನೋಡುವ ಶಕ್ತಿ ಅವನಿಗಿಲ್ಲ. ನೀನು ಬಾಯಿ ಬಿಟ್ಟರೆ ನಾನೇ ಅಲ್ಲವೆನ್ನುತ್ತೇನೆ, ಡಾಕ್ಟರ ಚೀಟಿಯಲ್ಲಿ ಬಚ್ಚಲು ಎಂದಿದೆ ಎಂದೆ. ಅವನು ಉಪಕರಣದ ಪೆಟ್ಟಿಗೆ ಎತ್ತಿಕೊಂಡು ಹೊರಟ.

ತಾಲೀಮಿಗೆ ಬಂದ. ಆದರೆ ಗಾಜಿನ ಮುಂದೆ ನಿಂತವನು ನನ್ನ ಪಟ್ಟಿಯನ್ನೇ ನೋಡುತ್ತಿದ್ದ. ಹತ್ತರಲ್ಲಿ ನಾಲ್ಕು ತಪ್ಪು.

ಸೆಪ್ಟೆಂಬರ್ 12, ಗುರುವಾರ

ಅಣ್ಣನ ಎರಡನೆಯ ಸಂದರ್ಶನ. ವೀಸಾ ಕಚೇರಿಯಿಂದ ಬೀದಿಯ ಆಚೆ, ಮುಚ್ಚಿದ ಅಂಗಡಿಯ ಜಗುಲಿಯಲ್ಲಿ ಕಾಯುತ್ತಿದ್ದೆ. ಬೇಗ ಬಂದುಬಿಟ್ಟ. ನನ್ನ ಪಕ್ಕ ಕೂತು ಬೂಟಿನ ದಾರ ಸಡಿಲ ಮಾಡಿಕೊಂಡ.

"ಕೊಟ್ರಾ?"

"ಇಲ್ಲ."

"ಮತ್ತೆ ತಿರುಗಿ ಹೇಳಿದ್ಯಾ?"

"ಹೇಳ್ದೆ."

"ಬಾಯಿ ತಪ್ಪಿ ಬಂತಾ?"

"ತಪ್ಪಿ ಅಲ್ಲ. ಬೇಕಂತಲೇ ಹೇಳ್ದೆ."

ಅವನು ನಿಧಾನವಾಗಿ ಹೇಳಿದ: ಮೊದಲ ಪ್ರಶ್ನೆ ಡಬ್ಬಿಯಿಂದ ಬಂತು. ಉತ್ತರ ಬಾಯಲ್ಲಿತ್ತು, ಎಂಟು ಜನ. ಅಷ್ಟರಲ್ಲಿ ನಿನ್ನ ಕೈ ನೆನಪಾಯ್ತು. ಅಧಿಕಾರಿಗೇ ಹೇಳಿದೆ, ಸ್ವಾಮಿ, ನಾನು ಕೇಳಿದ್ದನ್ನು ತಿರುಗಿ ಹೇಳುವವನು, ನಮ್ಮ ಕೆಲಸದಲ್ಲಿ ಹಾಗೇ, ನೀವು ಸರಿ ಅಂದಮೇಲೆ ಉತ್ತರ ಕೊಡ್ತೀನಿ ಅಂತ. ದುಭಾಷಿ ಅದನ್ನು ಹೇಗೆ ಹೇಳಿದನೋ. ಅಧಿಕಾರಿ ಹಳೆಯ ಕಾಗದ ನೋಡಿ, ತಲೆಯಾಡಿಸಿ, ಮುದ್ರೆ ಒತ್ತಿದ.

"ಇದನ್ನ ಬಿಟ್ಟು ನಾನು ಅಲ್ಲಿಗೆ ಹೋಗಿ ಏನ್ ಮಾಡ್ಲಿ ಮರಿ? ಅಲ್ಲೂ ಶಾಫ್ಟೇ ಅಲ್ವಾ? ಅಲ್ಲೂ ಕ್ಯಾಬಿನ್ ಮೇಲೆ ಯಾರೋ ಒಬ್ರು ಬಗ್ಗಿರ್ತಾರೆ."

"ಅಲ್ಲಿಗೆ ಹೋದ್ಮೇಲೆ ಮತ್ತೆ ಕಲೀಬಹುದಿತ್ತು," ಅಂದೆ. "ಒಂದು ಹತ್ತು ನಿಮಿಷ ಸುಮ್ನಿರೋಕಾಗ್ಲಿಲ್ವಾ ನಿಂಗೆ?"

"ಹತ್ತು ನಿಮಿಷ ಸುಮ್ನಿರೋಕಾಗ್ಲಿಲ್ಲ," ಅಂದ. ತಿರುಗಿ ಹೇಳಿದನೋ, ಒಪ್ಪಿಕೊಂಡನೋ. ನನ್ನನ್ನು ನೋಡಲಿಲ್ಲ.

ಇಷ್ಟು ಸಿಟ್ಟು ನನಗೆ ಕಂಪನಿಯ ಮೇಲೂ ಬಂದಿರಲಿಲ್ಲ. ಹೆಂಡತಿ ಮಗಳಿಗಿಂತ ದೊಡ್ಡದೇ ಒಂದು ಅಭ್ಯಾಸ? ತತ್ವ ಹಿಡಿದು ನಿಲ್ಲುವುದು ಯಾರ ಕೈಲಾದರೂ ಆಗುತ್ತದೆ. ಲೋಕ ನಡೆಯುವ ರೀತಿ ಅರಿತು ನಡೆಯುವುದು ಕಷ್ಟ. ಮೂರ್ಖ.

ಸೆಪ್ಟೆಂಬರ್ 13, ಶುಕ್ರವಾರ

ಅವನು ರಜೆ. ನನ್ನನ್ನು ಗೊಣಗಪ್ಪನ ಜೊತೆ ಹಾಕಿದರು.

ಸೆಪ್ಟೆಂಬರ್ 30, ಸೋಮವಾರ

ವೀಸಾ ಸಿಗದವರ ಕೊನೆಯ ದಿನ. ಅಣ್ಣ ಹೆಲ್ಮೆಟ್ಟು, ಬೆಲ್ಟು, ಬೂಟು ಸ್ಟೋರಿಗೆ ಒಪ್ಪಿಸಿ ಬರಿಯ ಚಪ್ಪಲಿಯಲ್ಲಿ ಹೊರಟ. ಗೊಣಗಪ್ಪ ತಬ್ಬಿಕೊಂಡು ಅತ್ತ. ನಾನು ಆಗ ಫೋನಿನಲ್ಲಿದ್ದೆ.

ಅವನಿಲ್ಲದೆ ಹೋಗುವುದಿಲ್ಲ ಎಂದಿದ್ದೆ. ಆದರೆ ಟಿಕೆಟು ತೆಗೆದಾಗಿದೆ. ನಾನೂ ಉಳಿದರೆ ಇಬ್ಬರ ಕೆಲಸ ಹೋದಂತಾಗುತ್ತದೆ, ಅದರಿಂದ ಯಾರಿಗೂ ಲಾಭವಿಲ್ಲ.

ಅಕ್ಟೋಬರ್ 9, ಬುಧವಾರ

ಶನಿವಾರ ಪ್ರಯಾಣ. ಪೆಟ್ಟಿಗೆ ತೂಗಿದಾಗ ಮಿತಿ ಮೀರಿತ್ತು. ಕರಪತ್ರಗಳ ಕಟ್ಟು ತೆಗೆದೆ, ಸರಿಹೋಯಿತು. ಅಮ್ಮ ಅದನ್ನು ಅಟ್ಟಕ್ಕೆ ಹಾಕುತ್ತೇನೆಂದಳು.

ಮಧ್ಯಾಹ್ನ ಅತ್ತಿಗೆಯ ಕರೆ ಬಂತು. ನನಗೆ ಅವರು ಯಾವತ್ತೂ ಕರೆ ಮಾಡಿದವರಲ್ಲ. ಹಿಂದೆ ಯಾರದೋ ಕೆಮ್ಮು ಕೇಳಿಸುತ್ತಿತ್ತು.

"ಕೈ ಹೇಗಿದೆ?"

ಅಣ್ಣ ಹೇಳಿಬಿಟ್ಟಿದ್ದಾನೆ. "ಸರಿಯಾಗಿದೆ ಅತ್ತಿಗೆ."

"ಕಿರುಬೆರಳು ಮಡಚೋಕೆ ಬರುತ್ತಾ?"

"ಇಲ್ಲ."

"ದಿನಾ ಬಿಸಿನೀರಲ್ಲಿ ಮಡಚು. ನಾನು ಇಲ್ಲಿ ಮಾಡಿಸ್ತೀನಿ ಎಲ್ರಿಗೂ." ಆಮೇಲೆ ವಿಷಯಕ್ಕೆ ಬಂದರು. "ನನ್ನ ಪರ್ಮಿಟ್ ಮಾರ್ಚಿಗೆ ಮುಗಿಯುತ್ತೆ. ಬಿಟ್ಟು ಬಂದ್ರೆ ಮೂರು ಜನಕ್ಕೂ ಸಂಪಾದನೆ ಇಲ್ಲ. ಇನ್ನೊಂದ್ಸಲ ಬರೆಸ್ಕೊಂಡ್ರೆ ಆ ಮಗು ನನ್ನ ಪೂರ್ತಿ ಮರೆತುಬಿಡುತ್ತೆ. ಇವರನ್ನ ಕೇಳಿದ್ರೆ, ಬಿಟ್ಟು ಬರ್ಲಾ ಅಂದ್ರೆ ಬಿಟ್ಟು ಬರ್ಲಾ ಅಂತಾರೆ, ಇರ್ಲಾ ಅಂದ್ರೆ ಇರ್ಲಾ ಅಂತಾರೆ. ನಿಂಗೊತ್ತಲ್ಲ ಅವರ ಸಂಗತಿ."

ನಕ್ಕರೋ ಏನೋ. ಕೆಮ್ಮು ಜೋರಾಯಿತು, ತಿಳಿಯಲಿಲ್ಲ.

"ನಂಗಿಲ್ಲಿ ಕೇಳೋಕೆ ಯಾರೂ ಇಲ್ಲಮ್ಮ. ನೀನು ಅವರನ್ನ ದಿನಾ ನೋಡಿದೋಳು, ಮಗೂನ ನೋಡಿದೋಳು. ನಿಂಗೆ ಎಲ್ಲಾದಕ್ಕೂ ಒಂದು ಉತ್ತರ ಇರುತ್ತೆ ಅಂತ ಅವರು ಯಾವಾಗ್ಲೂ ಹೇಳೋರು. ಎದುರು ಕೂತು ಹೇಳು. ನೀನು ಹೇಳ್ದ ಹಾಗೆ ಮಾಡ್ತೀನಿ."

ಇಲ್ಲ ಅತ್ತಿಗೆ, ನನ್ನ ಹತ್ತಿರ ಉತ್ತರವಿಲ್ಲ ಎಂದು ಹೇಳಬೇಕಿತ್ತು. ಬರುತ್ತೇನೆ ಅಂದೆ. ಕಂಪನಿಯವರಲ್ಲಿ ಯಾರನ್ನೂ ಜೊತೆಗೆ ತರಬೇಡ, ಒಬ್ಬಳೇ ಬಾ ಅಂದರು ಅತ್ತಿಗೆ. ಅವರಿಗೆ ಬಿಡುವು ಒಂದೂವರೆ ಗಂಟೆ ಮಾತ್ರ, ಇನ್ನೊಬ್ಬಳು ಪಾಳಿಗೆ ಬಂದಾಗ.

ಅವರು ಹೇಳಿದ್ದನ್ನು ಬರೆದಿಟ್ಟುಕೊಂಡೆ: ಅಕ್ಟೋಬರ್ 20, ಭಾನುವಾರ, ಮಧ್ಯಾಹ್ನ ಎರಡು ಗಂಟೆ. ಆಸ್ಪತ್ರೆಯ ಹಿಂದಿನ ಗೇಟು, ಬಸ್ ನಿಲ್ದಾಣದ ಬೆಂಚು.